ಕಾಲುವೆಯ ಬಣ್ಣ ಹೇಳುವ ರೇಡಿಯೋ

ಚಳಿಗಾಲ ಮುಗಿಯುತ್ತಾ ಬಂದಿತ್ತು. ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷ ಇತ್ತು. ಒಗೆಯುವ ತೊಟ್ಟಿಗಳ ಪಕ್ಕದಲ್ಲಿ ನಾವೆಲ್ಲ ಕೈ ಉಜ್ಜಿಕೊಳ್ಳುತ್ತ ನಿಂತಿದ್ದೆವು. ಗೋಡೆಯ ಮೊಳೆಗೆ ನೇತುಹಾಕಿದ ರೇಡಿಯೋ ಬರೀ ಸರಸರ ಎನ್ನುತ್ತಿತ್ತು. ಐದಾಯಿತು. ಐದೂಕಾಲು ಆಯಿತು. ನನ್ನ ಸೊಸೆಯ ದನಿ ಬರಲಿಲ್ಲ.

ನಮ್ಮದು ಬಟ್ಟೆ ಒಗೆಯುವವರ ಬೀದಿ. ಹದಿನೆಂಟು ಮನೆ, ಇಪ್ಪತ್ತನಾಲ್ಕು ಕಲ್ಲಿನ ತೊಟ್ಟಿ. ಊರಿನ ದೊಡ್ಡಾಸ್ಪತ್ರೆಯ ಹಾಸಿಗೆ ಬಟ್ಟೆ, ದಿಂಬಿನ ಚೀಲ, ಡಾಕ್ಟರುಗಳ ಬಿಳಿ ಕೋಟು ಎಲ್ಲ ನಮ್ಮಲ್ಲಿಗೇ ಬರುತ್ತವೆ. ಆ ಕೆಲಸದಿಂದಲೇ ನಮ್ಮ ಹದಿನೆಂಟು ಮನೆಯ ಒಲೆ ಉರಿಯುವುದು. ತೊಟ್ಟಿಗೆ ನೀರು ಕಾಲುವೆಯಿಂದ ಬರುತ್ತದೆ. ತೂಬಿನ ಹಲಗೆ ಎತ್ತಿದರೆ ನೀರು ಒಳಗೆ, ಇಳಿಸಿದರೆ ಹೊರಗೇ ನಿಲ್ಲುತ್ತದೆ.

ಕಾಲುವೆಯ ಮೇಲುಗಡೆ ಬಟ್ಟೆಗೆ ಬಣ್ಣ ಕಟ್ಟುವ ಕಾರ್ಖಾನೆಯೊಂದಿದೆ. ಅವರು ಯಾವ ದಿನ ಎಂಥ ನೀರು ಬಿಡುತ್ತಾರೋ ಯಾರಿಗೂ ಗೊತ್ತಿಲ್ಲ. ಒಂದು ದಿನ ಕೆಂಪು, ಒಂದು ದಿನ ಹಳದಿ, ಆಮೇಲೆ ನಾಲ್ಕು ದಿನ ತಿಳಿ. ನಾವು ಕೆಲಸ ಶುರುಮಾಡುವುದು ಕತ್ತಲಲ್ಲಿ. ಕತ್ತಲಲ್ಲಿ ಕಾಲುವೆಯ ಎಲ್ಲ ನೀರೂ ಕಪ್ಪೇ, ತೊಟ್ಟಿ ತುಂಬಿದ ಮೇಲೇ ಬಣ್ಣ ಗೊತ್ತಾಗುವುದು. ರೇಡಿಯೋ ಬರುವ ಮುಂಚೆ ಎಷ್ಟು ಬಿಳಿ ಬಟ್ಟೆ ಕೆಡಿಸಿದ್ದೇವೆ, ಎಷ್ಟು ಬೈಗುಳ ತಿಂದಿದ್ದೇವೆ, ನನಗೆ ಒಂದೊಂದೂ ನೆನಪಿದೆ.

ಆಮೇಲೆ ನಮ್ಮೂರಿಗೆ ಸಮುದಾಯ ರೇಡಿಯೋ ಬಂತು. ಊರಿನವರೇ ನಡೆಸುವ, ಊರಿನ ಮಾತನ್ನೇ ಆಡುವ ರೇಡಿಯೋ. ನನ್ನ ಸೊಸೆ ಅಲ್ಲಿ ಕೆಲಸಕ್ಕೆ ಸೇರಿದಳು. ದಿನದ ಮೊದಲ ಮಾತು ಕಾಲುವೆಯ ಬಣ್ಣವೇ ಆಗಬೇಕು ಎಂದು ಹಟ ಹಿಡಿದವಳು ಅವಳೇ. ಐದಕ್ಕೆ ಹತ್ತು ನಿಮಿಷ ಇರುವಾಗ ಮೇಲಿನ ಸೇತುವೆಗೆ ಹೋಗುತ್ತಾಳೆ. ಅಂಚಿಗೆ ತೂತು ಕೊರೆದು ಹಗ್ಗ ಕಟ್ಟಿದ ಬಿಳಿ ತಟ್ಟೆಯೊಂದನ್ನು ನೀರಿಗೆ ಇಳಿಸಿ, ಟಾರ್ಚು ಬಿಟ್ಟು ನೋಡುತ್ತಾಳೆ. ಸೇತುವೆಯ ಪಕ್ಕದಲ್ಲೇ ರೇಡಿಯೋ ಕೋಣೆ. ಐದಕ್ಕೆ ಸರಿಯಾಗಿ ಹೇಳುತ್ತಾಳೆ. ಆ ನೀರು ಎರಡು ಮೈಲಿ ಹರಿದು ನಮ್ಮ ತೂಬಿಗೆ ಬರಲು ಮುಕ್ಕಾಲು ಗಂಟೆ ಬೇಕು. "ತಿಳಿ" ಎಂದರೆ ಬಿಳಿ ಬಟ್ಟೆ ತೆಗೆಯುತ್ತೇವೆ. "ಮಸುಕು" ಎಂದರೆ ಬಣ್ಣದ ಬಟ್ಟೆ. "ಕೆಂಪು" ಎಂದರೆ ತೂಬು ಇಳಿಸಿ, ಹಿಂದಿನ ದಿನ ಹಿಡಿದಿಟ್ಟ ನೀರಲ್ಲೇ ಕೆಲಸ.

ಮೂರು ವರ್ಷದಲ್ಲಿ ಒಂದು ದಿನವೂ ತಪ್ಪದ ದನಿ ಆ ಬೆಳಗ್ಗೆ ಬರಲಿಲ್ಲ.

ಐದೂವರೆಗೆ ಅವಳೇ ಬಂದಳು. ಓಡಿಕೊಂಡು. ಕೈಯಲ್ಲಿ ತಟ್ಟೆ ಹಾಗೇ ಇತ್ತು.

"ಮಾವ, ತೂಬು ಇಳಿಸಿ! ಕೆಂಪು ಬರ್ತಾ ಇದೆ!"

ತೂಬು ಇಳಿಸಿದೆವು. ಅವಳು ಕಲ್ಲಿನ ಮೇಲೆ ಕುಸಿದು ಕುಳಿತು ಉಸಿರು ಬಿಟ್ಟಳು.

"ರೇಡಿಯೋಗೇನಮ್ಮಾ ಬಂತು?" ಎಂದ ನನ್ನ ತಮ್ಮ.

ನನ್ನ ತಮ್ಮ ಇಸ್ತ್ರಿಯಲ್ಲಿ ಎತ್ತಿದ ಕೈ. ಅವನ ಮಾತೂ ಇಸ್ತ್ರಿ ಹಾಕಿದ ಹಾಗೆಯೇ, ಒಮ್ಮೆ ಮಡಿಸಿಟ್ಟರೆ ಬಿಚ್ಚುವುದು ಕಷ್ಟ. ಬೀದಿಯವರೆಲ್ಲ ಅವನನ್ನು ಗರಿಗರಿ ಎಂದೇ ಕರೆಯುತ್ತಾರೆ.

"ಯಂತ್ರದ ಒಂದು ಭಾಗ ಸುಟ್ಟುಹೋಯ್ತು ಚಿಕ್ಕಮಾವ. ಶುರು ಮಾಡಿಕೊಟ್ಟ ಸಂಸ್ಥೆಯವರು ಮೂರು ವರ್ಷ ನೋಡ್ಕೊಂಡ್ರು, ಅವರ ಅವಧಿ ಮುಗೀತು. ಹೊಸ ಭಾಗ ತರೋಕೆ ನಮ್ಮ ಹತ್ರ ಏನೂ ಉಳಿದಿಲ್ಲ. ಊರಿನ ತೆರಿಗೆ ದುಡ್ಡಲ್ಲಿ ರೇಡಿಯೋಗೂ ವರ್ಷಕ್ಕೆ ಇಷ್ಟು ಅಂತ ಇಡಿ ಅಂತ ಪುರಸಭೆಗೆ ಅರ್ಜಿ ಕೊಟ್ಟಿದೀವಿ. ಮೂರು ವಾರಕ್ಕೆ ಊರ ಸಭೆ. ಜನ ಕೈ ಎತ್ತಿದ್ರೆ ಉಂಟು, ಇಲ್ದಿದ್ರೆ ಇಲ್ಲ."

"ತೆರಿಗೆ ದುಡ್ಡಾ! ನಾನು ಬೆಂಕಿ ಮುಂದೆ ನಿಂತು ದುಡಿದು ಕಟ್ಟೋದು, ನೀನು ಫ್ಯಾನ್ ಕೆಳಗೆ ಕೂತು ಮಾತಾಡೋದು. ಚೆನ್ನಾಗಿದೆ!"

ತಮ್ಮನ ಹೆಂಡತಿ ಬಟ್ಟೆ ಹಿಂಡುತ್ತಲೇ ಹೇಳಿದಳು. "ಅವಳು ಮಾತಾಡಿದ್ರೆ ಊರಿಗೆಲ್ಲ ಉಪಯೋಗ. ನೀವು ಮಾತಾಡಿದ್ರೆ ನನಗೊಬ್ಬಳಿಗೆ ತಲೆನೋವು. ದುಡ್ಡು ಯಾವುದಕ್ಕೆ ಕೊಡಬೇಕು ನೀವೇ ಹೇಳಿ."

ಎಲ್ಲರೂ ನಕ್ಕರು. ತಮ್ಮ ನಗಲಿಲ್ಲ.

"ಗಾಳೀಲಿ ಬರೋ ಮಾತಿಗೆ ಖರ್ಚೇನು ಅಂತ ನಾನು ಕೇಳ್ತಿರೋದು."

"ಬೀದಿ ದೀಪದ ಬೆಳಕೂ ಗಾಳೀಲೇ ಬರುತ್ತಲ್ಲ ಚಿಕ್ಕಮಾವ," ಎಂದಳು ಸೊಸೆ. "ಅದಕ್ಕೆ ಕಂಬ ಬೇಕು, ಕರೆಂಟು ಬೇಕು, ಬಲ್ಬು ಹೋದ್ರೆ ಏಣಿ ಹತ್ತೋನು ಬೇಕು. ನಮಗೂ ಗೋಪುರ ಇದೆ, ಕರೆಂಟಿದೆ, ಯಂತ್ರ ಇದೆ, ಇಬ್ಬರ ಸಂಬಳ ಇದೆ. ಬೀದಿ ದೀಪಕ್ಕೆ ಊರು ಕೊಡುತ್ತೆ. ಯಾಕೆ? ಎಲ್ಲರೂ ಅದರ ಕೆಳಗೇ ನಡೀತಾರೆ ಅಂತ."

"ಮೊಬೈಲ್ ಇದೆಯಲ್ಲ! ಒಂದು ಮೆಸೇಜು ಬಿಟ್ರೆ ಮುಗೀತು."

"ಸೋಪಿನ ಕೈಯಲ್ಲಿ ಮೊಬೈಲು ಮುಟ್ಟಿ ಮೂರು ಸಲ ತೊಟ್ಟಿಗೆ ಬೀಳಿಸಿದೋರು ಯಾರು? ಮೆಸೇಜು ಬಂದ್ರೆ ಮಾವನಿಗೆ ಓದಿ ಹೇಳೋರು ಯಾರು?"

ನನ್ನ ಹೆಸರು ಬಂತೆಂದು ನಾನು ತಲೆ ತಗ್ಗಿಸಿದೆ. ಅವಳು ಹೇಳಿದ್ದು ನಿಜವೇ, ನನಗೆ ಓದು ಬಾರದು.

ಮರುದಿನದಿಂದ ಅವಳು ದಿನಾ ಓಡಿದಳು. ಸೇತುವೆಗೆ ಹೋಗಿ, ತಟ್ಟೆ ಇಳಿಸಿ, ಬಣ್ಣ ನೋಡಿ, ಎರಡು ಮೈಲಿ ಓಡಿ ಬಂದು ಬೀದಿಗೆ ಕೂಗಿ ಹೇಳುತ್ತಿದ್ದಳು. ಆರನೇ ದಿನ ಕಾಲು ಉಳುಕಿತು. ಪಾದ ಊದಿ ಚಪ್ಪಲಿಯೊಳಗೆ ಹೋಗದಂತಾಯಿತು. ರೇಡಿಯೋದ ಕೆಲಸವನ್ನು ಒಬ್ಬರ ಕಾಲು ಎಷ್ಟು ದಿನ ಮಾಡೀತು? ಬೆಳಕು ಹರಿದ ಮೇಲೇ ನೀರು ಬಿಡೋಣ ಎಂದು ಬೀದಿಯವರೆಲ್ಲ ಮಾತಾಡಿಕೊಂಡೆವು. ದಿನಕ್ಕೆ ಎರಡು ಗಂಟೆ ಕೆಲಸ ಹಿಂದೆ ಬಿತ್ತು.

ಎಂಟನೇ ದಿನ ಬಣ್ಣದ ಕಾರ್ಖಾನೆಯ ಮ್ಯಾನೇಜರು ತಮ್ಮನ ಇಸ್ತ್ರಿ ಅಂಗಡಿಗೆ ಬಂದರು. ಅವರು ಹೋದ ಮೇಲೆ ತಮ್ಮ ನಮ್ಮ ಮನೆಗೆ ಹಾರಿಕೊಂಡೇ ಬಂದ.

"ಅಣ್ಣಾ, ಕೆಲಸ ಆಯ್ತು! ರೇಡಿಯೋ ಖರ್ಚು ಪೂರ್ತಿ ಅವರೇ ಕೊಡ್ತಾರಂತೆ. ಹೊಸ ಯಂತ್ರ, ಹೊಸ ಕೋಣೆ, ಗೋಡೆಗೆ ಬಣ್ಣ ಕೂಡ!"

"ಗೋಡೆಗೂ ಬಣ್ಣಾನಾ? ಅವರಿಗೆ ಅದೊಂದೇ ಗೊತ್ತಿರೋದು," ಎಂದಳು ಅವನ ಹಿಂದೆಯೇ ಬಂದ ಹೆಂಡತಿ.

ಸೊಸೆ ಕಾಲು ನೀಡಿಕೊಂಡು ಬಿಸಿ ಬಟ್ಟೆ ಇಡುತ್ತಿದ್ದಳು. "ಏನು ಷರತ್ತು ಚಿಕ್ಕಮಾವ?" ಎಂದಳು.

"ಷರತ್ತೇನಿಲ್ಲ. ಬೆಳಿಗ್ಗೆ ಐದಕ್ಕೆ ಕಾಲುವೆ ವಿಷಯ ಬೇಡವಂತೆ. ಅದರ ಬದಲು ಹವಾಮಾನ ಹೇಳಬೇಕಂತೆ. ಮಿಕ್ಕಿದ್ದೆಲ್ಲ ನಿನ್ನಿಷ್ಟ."

"ಅವರು ಕೊಡ್ತಿರೋದು ರೇಡಿಯೋ ಮಾತಾಡೋಕಲ್ಲ ಚಿಕ್ಕಮಾವ. ಒಂದು ಮಾತು ಆಡದೇ ಇರೋಕೆ. ಮೂರು ವರ್ಷದಿಂದ ನೋಡಿದ ಬಣ್ಣ, ತಾರೀಖು ಸಮೇತ ಪುಸ್ತಕದಲ್ಲಿದೆ. ಆ ನೀರು ನಿಲ್ಲಿಸಿ ಅಂತ ನಮ್ಮ ಬೀದಿಯವರು ಸರ್ಕಾರಕ್ಕೆ ಕೊಟ್ಟ ಅರ್ಜಿಗೆ ಅದೇ ಸಾಕ್ಷಿ. ಅವರಿಗೆ ಬೇಡವಾಗಿರೋದು ಅದು."

"ಅಯ್ಯೋ, ಒಂದು ಮಾತು ತಾನೇ! ಒಂದು ಮಾತಿಗೋಸ್ಕರ ಊರೆಲ್ಲ ತೆರಿಗೆ ಕಟ್ಟಬೇಕಾ? ನಾನು ಸಭೇಲಿ ಕಾರ್ಖಾನೆ ಕಡೆಗೇ ಕೈ ಎತ್ತೋದು."

ನಾನು ಸೊಸೆಗೆ ಇನ್ನೊಂದು ಬಿಸಿ ಬಟ್ಟೆ ಹಿಂಡಿ ಕೊಟ್ಟೆ. ಅವನ ಮಡಿಕೆ ನನಗೆ ಗೊತ್ತು, ಎಳೆದರೆ ಹರಿಯುತ್ತದೆ.

ಅವತ್ತೇ ಸಂಜೆ ಆಸ್ಪತ್ರೆಯಿಂದ ಹೇಳಿ ಕಳಿಸಿದರು, ಹಾಸಿಗೆ ಬಟ್ಟೆ ಬೇಗ ಬೇಕು ಎಂದು. ತಮ್ಮ ಅರವತ್ತು ಬಟ್ಟೆಯನ್ನು ಆಗಲೇ ಒಗೆದಿಟ್ಟಿದ್ದ. ಕೊನೆಯ ನೀರೊಂದು ಬಾಕಿ. ಬಿಳಿ ಬಟ್ಟೆಯನ್ನು ಕೊನೆಯಲ್ಲಿ ಚೂರು ನೀಲಿ ಕಲಸಿದ ನೀರಿನಲ್ಲಿ ಅದ್ದಿ ತೆಗೆಯುವುದು ನಮ್ಮ ಕೆಲಸದ ಕ್ರಮ. ಇಲ್ಲದಿದ್ದರೆ ಬಿಳಿ ಹಳದಿಗೆ ತಿರುಗುತ್ತದೆ. ನೀಲಿ ಕಲಸುವುದು ಅವರ ಮನೆಯಲ್ಲಿ ಯಾವಾಗಲೂ ಹೆಂಡತಿಯ ಕೆಲಸ.

ಬೆಳಕಿಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಮರುದಿನ ಕತ್ತಲಲ್ಲೇ ತೂಬು ಎತ್ತಿ ತೊಟ್ಟಿ ತುಂಬಲು ಬಿಟ್ಟು, ಇಸ್ತ್ರಿ ಪೆಟ್ಟಿಗೆಗೆ ಕೆಂಡ ಮಾಡಲು ಹೋದ. ತಿರುಗಿ ಬಂದು ಬಲ್ಬಿನ ಕೆಳಗೆ ನೋಡಿದರೆ ನೀರು ತೆಳು ನೀಲಿ. ಪರವಾಗಿಲ್ಲ, ನಮ್ಮವಳು ಎದ್ದು ನೀಲಿ ಹಾಕಿಬಿಟ್ಟಿದ್ದಾಳೆ ಎಂದುಕೊಂಡ. ಅರವತ್ತನ್ನೂ ಮುಳುಗಿಸಿ, ಟೀ ಕುಡಿಯಲು ಕುಳಿತ.

ಬೇರೆ ಯಾವ ಕಸುಬಿನವನೇ ಆಗಿದ್ದರೂ ನೀಲಿ ನೀರು ನೋಡಿ ಹೆದರುತ್ತಿದ್ದ. ನಮ್ಮವನಾದ್ದರಿಂದ ಖುಷಿಪಟ್ಟ.

ಬೆಳಕಾಯಿತು. ಅವನ ಹೆಂಡತಿಯ ಕೂಗು ನಮ್ಮ ಮನೆಗೆ ಕೇಳಿಸಿತು.

"ಏನ್ರೀ ಇದು! ಇಷ್ಟೊಂದು ನೀಲಿ ಯಾಕೆ ಸುರಿದ್ರಿ?"

"ನಾನೆಲ್ಲಿ ಸುರಿದೆ? ನೀನೇ ತಾನೆ ಹಾಕಿದ್ದು?"

"ನಾನು ಎದ್ದಿದ್ದೇ ಈಗ!"

ನಾವು ಹೋಗಿ ನೋಡಿದೆವು. ಒಂದೊಂದು ಬಟ್ಟೆಯ ಮೇಲೂ ನೀಲಿ ಮಚ್ಚೆ. ಮಡಿಕೆ ಇದ್ದಲ್ಲಿ ಗೆರೆ, ಗಂಟು ಇದ್ದಲ್ಲಿ ಉಂಡೆ. ಸೋಡಾದಲ್ಲಿ ಕುದಿಸಿದೆವು. ಬ್ಲೀಚಿಂಗ್ ಪುಡಿಯಲ್ಲಿ ನೆನೆಸಿದೆವು. ಮೂರು ದಿನ ಹುಲ್ಲಿನ ಮೇಲೆ ಬಿಸಿಲಿಗೆ ಹಾಸಿದೆವು. ಬಟ್ಟೆ ಸವೆಯಿತು, ಮಚ್ಚೆ ಸವೆಯಲಿಲ್ಲ. ಬಟ್ಟೆಗೆ ಅಂಟಿ ಕೂರಲೆಂದೇ ಮಾಡಿದ ಬಣ್ಣ ಅದು.

ಆಸ್ಪತ್ರೆಗೆ ತಮ್ಮನ ಜೊತೆ ನಾನೂ ಹೋದೆ. ದೊಡ್ಡ ನರ್ಸಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಬಿಳೀದೇ ಯಾಕೆ ಹಾಸ್ತೀವಿ ಗೊತ್ತಾ?" ಎಂದರು. "ರೋಗಿಯ ಮೈಯಿಂದ ಏನು ಸೋರಿದೆ ಅಂತ ತಕ್ಷಣ ಕಾಣಲಿ ಅಂತ. ಇದರ ಮೇಲೆ ನನಗೇನು ಕಾಣುತ್ತೆ? ಇನ್ನೊಂದು ಸಲ ಹೀಗಾದ್ರೆ ಕೆಲಸ ಬೇರೆಯವರಿಗೆ ಕೊಡಬೇಕಾಗುತ್ತೆ. ನಿಮ್ಮ ಬೀದಿ ಮೇಲೆ ನನಗೆ ಗೌರವ ಇದೆ, ಆದ್ರೆ ಬೇರೆ ದಾರಿ ಇಲ್ಲ."

ತಮ್ಮ ಅಲ್ಲಿಂದ ನೇರವಾಗಿ ನಮ್ಮ ಮನೆಗೇ ನಡೆದ. ಬಂದವನೇ ಸೊಸೆಯ ಮುಂದೆ ನೆಲದ ಮೇಲೆ ಕುಳಿತ.

"ಒಂದು ಮಾತು ಕೇಳ್ತೀನಿ, ಸುಳ್ಳು ಹೇಳಬೇಡ. ಕಾರ್ಖಾನೆ ದುಡ್ಡಲ್ಲಿ ರೇಡಿಯೋ ನಡೀತಾ ಇದ್ದಿದ್ರೆ, ಅವತ್ತು ಬೆಳಿಗ್ಗೆ ನೀನು ಏನು ಹೇಳ್ತಾ ಇದ್ದೆ?"

"ಹವಾಮಾನ ಹೇಳ್ತಿದ್ದೆ ಚಿಕ್ಕಮಾವ. ಆಕಾಶ ತಿಳಿಯಾಗಿದೆ ಅಂತ."

ಅವನು ಹೆಗಲ ಮೇಲಿನ ಟವೆಲು ತೆಗೆದು ಮಡಿಸಿದ. ಆಮೇಲೆ ಕೇಳಿದ. "ಸರಿ. ಪುರಸಭೆ ದುಡ್ಡು ಕೊಟ್ರೆ ಮಾತ್ರ ಏನು ದೊಡ್ಡ ವ್ಯತ್ಯಾಸ? ಬೆಳಗಾದ್ರೆ ಅಧ್ಯಕ್ಷರ ಗುಣಗಾನ ಕೇಳಬೇಕು. ಇವರ ಬಾಯಿ ಬದಲು ಅವರ ಬಾಯಿ."

"ಒಳ್ಳೇ ಪ್ರಶ್ನೆ ಕೇಳಿದ್ರಿ," ಎಂದಳು ಸೊಸೆ. ನಿಜಕ್ಕೂ ಅವಳ ಮುಖ ಅರಳಿತು. "ಅದಕ್ಕೇ ಅರ್ಜೀಲಿ ಬರೆದಿದೀವಿ. ವರ್ಷದ ದುಡ್ಡು ಒಂದೇ ಸಲ ಬರಬೇಕು, ತಿಂಗಳು ತಿಂಗಳು ಕೈ ಒಡ್ಡೋ ಹಾಗಿರಬಾರದು. ಏನು ಮಾತಾಡಬೇಕು ಅಂತ ನೋಡೋದು ಕೇಳುಗರ ಸಮಿತಿ, ಬೀದಿಗೊಬ್ಬರು. ಪುರಸಭೆಯವರು ಅದರಲ್ಲಿ ಕೂರೋ ಹಾಗಿಲ್ಲ. ಖರ್ಚು ಎಷ್ಟಾಯ್ತು ಅಂತ ರೇಡಿಯೋದಲ್ಲೇ ಓದಿ ಹೇಳ್ತೀವಿ, ಯಾರು ಬೇಕಾದ್ರೂ ಕೇಳಬಹುದು. ಆ ದುಡ್ಡು ಅಧ್ಯಕ್ಷರದ್ದಲ್ಲ ಚಿಕ್ಕಮಾವ, ನಿಮ್ದು. ಅದಕ್ಕೇ ರೇಡಿಯೋ ಯಾರಿಗೂ ಹೆದರಬೇಕಾಗಿಲ್ಲ."

"ಮನೆಗೆ ಎಷ್ಟು ಬೀಳುತ್ತೆ?"

"ವರ್ಷಕ್ಕೆ ಒಂದು ಬಟ್ಟೆ ಸೋಪಿನಷ್ಟು."

"ಒಂದು ಸೋಪಾ!" ಎಂದಳು ಅವನ ಹೆಂಡತಿ. "ಆ ಮಚ್ಚೆ ತೆಗೆಯೋಕೆ ಹೋಗಿ ನಲವತ್ತು ಸೋಪು ಕರಗಿಸಿದ್ರಲ್ರೀ!"

ಈ ಸಲ ತಮ್ಮನೂ ನಕ್ಕ.

ಊರ ಸಭೆಯ ದಿನ ಬೀದಿಯವರೆಲ್ಲ ಕೆಲಸ ಬೇಗ ಮುಗಿಸಿ ಹೋದೆವು. ಮ್ಯಾನೇಜರು ಮೊದಲ ಸಾಲಿನಲ್ಲೇ ಇದ್ದರು. ಎದ್ದು ಚೆನ್ನಾಗಿ ಮಾತಾಡಿದರು. ಊರಿಗೆ ಹೊರೆ ಬೇಡ, ನಾವೇ ನೋಡಿಕೊಳ್ಳುತ್ತೇವೆ ಎಂದರು. ಅಲ್ಲಲ್ಲಿ ಚಪ್ಪಾಳೆ ಬಿತ್ತು. ಬಿಟ್ಟಿ ಬರುವುದಾದರೆ ಬೇಡವೆನ್ನುವವರು ಯಾರು? ಸೊಸೆ ಕುಂಟುತ್ತ ಎದ್ದು ಅರ್ಜಿ ಓದಿದಳು. ಒಂದು ಕಡೆಯೂ ತಡವರಿಸಲಿಲ್ಲ.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು ಕೇಳಿದರು. "ಎಲ್ಲ ಸರಿ ತಾಯಿ. ಪುರಸಭೆ ಇಷ್ಟು ಕೊಟ್ಟ ಮೇಲೆ, ನನ್ನ ಹುಟ್ಟಿದ ದಿನಕ್ಕೆ ಒಂದು ಶುಭಾಶಯ ಕೂಡ ಇಲ್ವಾ?"

"ಖಂಡಿತ ಇದೆ ಸರ್. ಎಲ್ಲರದೂ ಹೇಳೋ ಹಾಗೆ, ಭಾನುವಾರ ಸಂಜೆ. ಚೀಟಿ ಬರೆದು ಡಬ್ಬೀಲಿ ಹಾಕಿ."

ಸಭೆ ಗೊಳ್ಳೆಂದಿತು. ಅಧ್ಯಕ್ಷರೂ ನಕ್ಕರು.

ಆಗ ನನ್ನ ತಮ್ಮ ಎದ್ದ. ಕಂಕುಳಲ್ಲಿದ್ದ ಗಂಟು ಬಿಚ್ಚಿ, "ನಾಲ್ಕು ಜನ ಬನ್ನಿ, ಇದರ ಮೂಲೆ ಹಿಡೀರಿ," ಎಂದ. ಆಸ್ಪತ್ರೆಯ ಹಾಸಿಗೆ ಬಟ್ಟೆ ಅಗಲವಾಗಿ ತೆರೆದುಕೊಂಡಿತು. ಮಚ್ಚೆ ಕಡೆಯ ಸಾಲಿಗೂ ಕಾಣುತ್ತಿತ್ತು.

"ಇದು ನನ್ನ ಕೆಲಸ," ಎಂದ. "ನಲವತ್ತು ವರ್ಷದ ಅನುಭವ ಇರೋ ನಾನು ಮಾಡಿದ್ದು. ಕಾರ್ಖಾನೆಯ ನೀರನ್ನ ನನ್ನ ಹೆಂಡತಿ ಕಲಸಿದ ನೀಲಿ ಅಂದ್ಕೊಂಡೆ. ನಗ್ರಪ್ಪ, ನಗಿ, ನಾಚಿಕೆ ಇಲ್ಲ ನನಗೆ. ರೇಡಿಯೋ ಕೆಟ್ಟು ಒಂಬತ್ತನೇ ದಿನ ಆಗಿದ್ದು ಇದು. ಅದು ಇದ್ದ ಮೂರು ವರ್ಷದಲ್ಲಿ ಇಂಥದ್ದು ಒಂದಾದ್ರೂ ಆಗಿತ್ತಾ? ಇನ್ನೊಂದು ಸಲ ಆದ್ರೆ ಆಸ್ಪತ್ರೆ ಕೆಲಸ ಹೋಗುತ್ತೆ. ಹದಿನೆಂಟು ಮನೆ ಬೀದಿಗೆ ಬೀಳುತ್ತೆ. ಮ್ಯಾನೇಜರ್ ಸಾಹೇಬರು ನಮಗೆ ರೇಡಿಯೋ ಕೊಡ್ತಾರಂತೆ, ನಮಗೆ ಬೇಕಾದ ಒಂದು ಮಾತು ಬಿಟ್ಟು. ಹಾಗಾದ್ರೆ ಅದು ಅವರ ರೇಡಿಯೋ. ನನಗೆ ನನ್ನದು ಬೇಕು. ನನ್ನ ಸೋಪಿನ ದುಡ್ಡು ನಾನು ಕೊಡ್ತೀನಿ."

ಅವನೇ ಮೊದಲು ಕೈ ಎತ್ತಿದ.

ಆಮೇಲೆ ಬೇಕರಿಯವನು ಎತ್ತಿದ. ಬಸ್ಸಿನ ಕಂಡಕ್ಟರು ಎತ್ತಿದ. ಕಳೆದ ವರ್ಷ ಮಗು ಕಳೆದುಹೋದಾಗ ರೇಡಿಯೋದಲ್ಲಿ ಹೇಳಿಸಿ ಒಂದು ಗಂಟೆಯೊಳಗೆ ಪತ್ತೆಹಚ್ಚಿದ ತಾಯಿ, ಆ ಮಗುವಿನ ಕೈಯನ್ನೂ ಸೇರಿಸಿ ಎತ್ತಿದಳು. ಮಗುವಿನದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎಣಿಸುವವರು ಎರಡು ಸಲ ಎಣಿಸಬೇಕಾಯಿತು, ಅಷ್ಟು ಕೈ. ನಾನು ಸಭೆಗಳಲ್ಲಿ ಹಿಂದಿನ ಗೋಡೆಗೆ ಒರಗಿ ನಿಲ್ಲುವವನು. ಅವತ್ತು ನಾನೂ ಎತ್ತಿದೆ. ಎಣಿಸಿ ಮುಗಿದ ಮೇಲೂ ಇಳಿಸಲು ಮನಸ್ಸಾಗಲಿಲ್ಲ. ನನ್ನ ಸೊಸೆ, ನನ್ನ ತಮ್ಮ, ನನ್ನ ಊರು ಎಂದು ಒಳಗೊಳಗೇ ಹೇಳಿಕೊಂಡೆ.

ಪುರಸಭೆ ದುಡ್ಡು ಕೊಟ್ಟಿತು, ಹನ್ನೆರಡು ದಿನಕ್ಕೆ ಯಂತ್ರ ರಿಪೇರಿಯಾಯಿತು. ಐದು ಗಂಟೆಗೆ ಸರಿಯಾಗಿ ಅವಳ ದನಿ ಬಂತು: "ನಮಸ್ಕಾರ. ಇದು ನಿಮ್ಮ ದುಡ್ಡಿನಲ್ಲಿ ನಡೆಯುವ ನಿಮ್ಮ ರೇಡಿಯೋ. ಇವತ್ತು ಕಾಲುವೆ ಮಸುಕು." ಬಣ್ಣದ ಬಟ್ಟೆಯ ಗಂಟು ಬಿಚ್ಚಿ ನಾವೆಲ್ಲ ಕೆಲಸಕ್ಕೆ ಇಳಿದೆವು. ಕಾರ್ಖಾನೆಯ ಮೇಲಿನ ಅರ್ಜಿ ಇನ್ನೂ ನಡೆಯುತ್ತಿದೆ. ಬಣ್ಣ ಬರೆದಿಡುವ ಪುಸ್ತಕವೂ ನಡೆಯುತ್ತಿದೆ.

ನಾನು ಹೇಳಿ ಸೊಸೆ ಬರೆದ ಇದನ್ನು ಓದುತ್ತಿರುವ ಅಕ್ಕ, ಅಣ್ಣ, ತಾಯಿ, ನಿಮಗೊಂದು ಮಾತು. ನಿಮ್ಮ ಊರಿಗೂ ಒಂದು ಸಣ್ಣ ರೇಡಿಯೋ ಇರಬಹುದು. ಅದು ಹೇಳುವುದು ಕಾಲುವೆಯ ಬಣ್ಣವಲ್ಲದಿರಬಹುದು. ಡಾಕ್ಟರು ಬರುವ ದಿನವೋ, ನೀರು ಬಿಡುವ ಹೊತ್ತೋ, ಸಂತೆಯ ಸುದ್ದಿಯೋ ಇದ್ದೀತು. ಅದಕ್ಕೆ ದುಡ್ಡು ಯಾರು ಕೊಡುತ್ತಿದ್ದಾರೆ ಎಂದು ಇವತ್ತೇ ಕೇಳಿ. ಕೊಡುವವರು ಯಾವ ಮಾತು ಬೇಡವೆನ್ನುತ್ತಾರೆ ಎಂದೂ ಕೇಳಿ. ನಿಮ್ಮ ಪುರಸಭೆಯ, ಪಂಚಾಯಿತಿಯ ಸಭೆ ಯಾವಾಗ ಎಂದು ತಿಳಿದುಕೊಂಡು ಹೋಗಿ. ಊರಿನ ದುಡ್ಡಿನಲ್ಲಿ ರೇಡಿಯೋಗೂ ಒಂದು ಪಾಲು ಇಡಿ, ಅದರ ಮಾತಿನ ಮೇಲೆ ಕೈ ಇಡಬೇಡಿ ಎಂದು ಎದ್ದು ನಿಂತು ಹೇಳಿ. ಮಾತಾಡಲು ಸಂಕೋಚವಾದರೆ ಕೈ ಎತ್ತಿ, ಸಾಕು. ದುಡ್ಡು ಬಂದ ಮೇಲೆ ಸುಮ್ಮನಾಗಬೇಡಿ, ಲೆಕ್ಕ ಕೇಳಿ. ಕೇಳುವ ಹಕ್ಕು ನಿಮ್ಮದು.

ಕಾಲುವೆಯ ಕೆಳಗಡೆ ಇನ್ನೊಂದು ಊರಿದೆ. ಅವರ ರೇಡಿಯೋ ನಿಂತು ವರ್ಷವಾಯಿತು. ನಮ್ಮ ಸುದ್ದಿ ಕೇಳಿ ಅವರೂ ಸಭೆ ಕರೆದಿದ್ದಾರೆ, ಯಾರಾದರೂ ಬಂದು ವಿವರಿಸಿ ಎಂದು ಹೇಳಿ ಕಳಿಸಿದ್ದಾರೆ. ಸಭೆ ಶುಕ್ರವಾರ. ನನ್ನ ತಮ್ಮ ಮತ್ತು ಅವನ ಹೆಂಡತಿ ಗುರುವಾರ ಮಧ್ಯಾಹ್ನದ ಬಸ್ಸಿಗೆ ಹೊರಟರು.